ನಡುವೆ ನಿಂತವನ ಆಡಳಿತ: ಕಾಸರಗೋಡಿನ ಕೆಲಸದ ಸ್ಥಳಗಳಲ್ಲಿ ಮಾತು ಮತ್ತು ನಾಯಕತ್ವ

ಅಡಿಕೆ ತೋಟಕ್ಕೆ ಮದ್ದು ಬಿಡುವ ಕೆಲಸದಲ್ಲಿ ಕಲಸುವ ಹಂತವೇ ಮುಖ್ಯ. 100 ಲೀಟರ್ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆಯಾಗಿ 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು, ಇದು ತಿರುಗುಮುರುಗಾಗಬಾರದು. ಬಳಿಕ ಹೊಳಪಿರುವ ಚೂರಿಯೊಂದನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದು ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಹಾಗೆಯೇ ಬಿಟ್ಟರೆ ಕೊಳೆರೋಗದಿಂದ ಕಾಪಾಡಬೇಕಾದ ಮದ್ದೇ ಎಳೆಯ ಕಾಯಿಗಳನ್ನು ಸುಡುತ್ತದೆ.

ಕೆಲವು ವರ್ಷಗಳ ಹಿಂದೆ, ಮಳೆ ಹಿಡಿಯುವುದಕ್ಕೆ ಮೊದಲು, ನಮ್ಮ ತೋಟದಲ್ಲಿ ಹೀಗೆಯೇ ಆಯಿತು. ಕೆಲಸಕ್ಕೆ ಬಂದಿದ್ದವರು ಜಾರ್ಖಂಡಿನ ನಾಲ್ವರು ಹುಡುಗರು, ಅವರನ್ನು ಕರೆತಂದಿದ್ದವನು ಊರಿನವನೇ ಆದ ಒಬ್ಬ ಮೇಸ್ತ್ರಿ. ಚೂರಿಯನ್ನು ಅದ್ದಿ ನೋಡದೆ ಮದ್ದು ಬಿಡಬಾರದು ಎಂದು ನಾನು ಮೇಸ್ತ್ರಿಗೆ ತುಳುವಿನಲ್ಲಿ ವಿವರವಾಗಿಯೇ ಹೇಳಿದ್ದೆ. ಆತ ಹುಡುಗರ ಕಡೆ ತಿರುಗಿ ಹೇಳಿದ್ದು ಒಂದೇ ಮಾತು: "ಜಲ್ದಿ ಕರೋ." ಚೂರಿ ಬಾನಿಯ ಪಕ್ಕದ ಕಲ್ಲಿನ ಮೇಲೆ ಮಧ್ಯಾಹ್ನದವರೆಗೂ ಒಣಗಿಕೊಂಡೇ ಇತ್ತು. ಅದು ಅಲ್ಲಿ ಏಕಿದೆ ಎಂಬುದು ಆ ನಾಲ್ವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಸಾಲಿನ ಮರಗಳ ಎಳೆಗಾಯಿ ಆ ವಾರದಲ್ಲಿ ಉದುರಿದಾಗ ನನಗೆ ಮೊದಲು ಬಂದ ಸಿಟ್ಟು ಹುಡುಗರ ಮೇಲೆ. ತಪ್ಪು ನನ್ನದೆಂದು ಒಪ್ಪಿಕೊಳ್ಳಲು ಹಲವು ದಿನ ಬೇಕಾಯಿತು. ನಾನು ಹೇಳಿದ್ದೆ ನಿಜ, ಆದರೆ ಕೆಲಸ ಮಾಡುವವರಿಗೆ ಹೇಳಿರಲಿಲ್ಲ.

ಕೆಲಸದ ಸ್ಥಳದ ನಾಯಕತ್ವದ ಬಗ್ಗೆ ಬರುವ ಬಹುಪಾಲು ಬರಹಗಳು, ಮುಂದಾಳುವಿಗೂ ಅವನ ಕೈಕೆಳಗಿನವರಿಗೂ ಒಂದೇ ಭಾಷೆ ಇದೆ ಎಂದು ಮೊದಲೇ ಭಾವಿಸಿಕೊಂಡು ಹೊರಡುತ್ತವೆ. ಪ್ರೋತ್ಸಾಹ, ವಿಶ್ವಾಸ, ಹೊಣೆಗಾರಿಕೆ, ದೂರದೃಷ್ಟಿ ಎಲ್ಲವೂ ಆ ಮೇಲೆ ಬರುವ ಮಾತುಗಳು. ಕಾಸರಗೋಡಿನಲ್ಲಿ ಆ ಬುನಾದಿಯೇ ಇಲ್ಲ. ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಗಳಲ್ಲಿ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಈ ನೆಲದಲ್ಲಿ, ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಆಡುವವರ ಜೊತೆಗೆ ಈಗ ಹಿಂದಿ, ಬಂಗಾಳಿ, ಅಸ್ಸಾಮಿ, ಒಡಿಯಾ ಆಡುವವರೂ ಒಂದೇ ಗೋದಾಮಿನಲ್ಲಿ, ಒಂದೇ ಕಟ್ಟಡದ ಕೆಲಸದಲ್ಲಿ, ಒಂದೇ ಹೋಟೆಲಿನ ಅಡುಗೆಮನೆಯಲ್ಲಿ ಇದ್ದಾರೆ. ಹೀಗಿರುವಾಗ ಯಜಮಾನನಿಗೂ ದುಡಿಯುವವನಿಗೂ ನಡುವೆ ನಿಂತು ಮಾತು ದಾಟಿಸುವ ಒಬ್ಬನು ಎಲ್ಲ ಕಡೆಯೂ ಹುಟ್ಟಿಕೊಳ್ಳುತ್ತಾನೆ. ಕಾಗದದಲ್ಲಿ ಅವನಿಗೆ ಹುದ್ದೆ ಇಲ್ಲದಿರಬಹುದು. ಆದರೆ ಯಾರಿಗೆ ಯಾವ ಕೆಲಸ, ಯಾರಿಗೆ ರಜೆ, ಯಾರ ದೂರು ಮೇಲಕ್ಕೆ ಹೋಗಬೇಕು, ಯಾರದು ಅಲ್ಲಿಯೇ ಸಾಯಬೇಕು ಎಂಬುದನ್ನು ನಿರ್ಧರಿಸುವವನು ಅವನೇ. ಈ ಜಿಲ್ಲೆಯಲ್ಲಿ ಕೆಲಸದ ಜಾಗದ ಮುಖ್ಯ ಸಮಸ್ಯೆ ಕೆಟ್ಟ ಮ್ಯಾನೇಜರುಗಳದ್ದಲ್ಲ, ಮಾತನ್ನು ಇನ್ನೊಬ್ಬನಿಗೆ ಒಪ್ಪಿಸಿ ಕುಳಿತ ಮ್ಯಾನೇಜರುಗಳದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಡುವೆ ನಿಂತವನು ಕೆಟ್ಟವನೇ ಆಗಿರಬೇಕೆಂದಿಲ್ಲ. ನಮ್ಮ ಮೇಸ್ತ್ರಿ ಪ್ರಾಮಾಣಿಕ ಮನುಷ್ಯ. ಅವನಿಗೆ ಬರುವ ಹಿಂದಿ, ಕೆಲಸ ಮಾಡಿಸುವಷ್ಟರದ್ದು: ತಾ, ಹೋಗು, ಎತ್ತು, ಬೇಗ ಮಾಡು. ಕಾರಣ ಹೇಳುವಷ್ಟು ಭಾಷೆ ಅವನಲ್ಲಿಲ್ಲ. ಆದ್ದರಿಂದ ಅವನ ಬಾಯಿಯ ಮೂಲಕ ಹಾದುಹೋದ ಯಾವ ಸೂಚನೆಯೂ ಕಾರಣವನ್ನು ಕಳೆದುಕೊಂಡು ಬರಿಯ ಆಜ್ಞೆಯಾಗಿ ಉಳಿಯುತ್ತದೆ. ಕಾರಣ ಗೊತ್ತಿಲ್ಲದವನು ಆಜ್ಞೆಯನ್ನು ಪಾಲಿಸಬಲ್ಲ, ಅಷ್ಟೇ. ಪರಿಸ್ಥಿತಿ ಬದಲಾದಾಗ ತಾನೇ ಯೋಚಿಸಿ ನಿರ್ಧಾರ ತೆಗೆದುಕೊಳ್ಳಲಾರ. ಆಮೇಲೆ ನಾವೇ "ಇವರಿಗೆ ಸ್ವಂತ ಬುದ್ಧಿ ಇಲ್ಲ" ಎಂದು ದೂರುತ್ತೇವೆ.

ಮರುವರ್ಷ ನಾನು ಬಾನಿಯ ಬಳಿ ನಿಂತೆ. ನನ್ನ ಹಿಂದಿ ಮೇಸ್ತ್ರಿಯ ಹಿಂದಿಗಿಂತ ಉತ್ತಮವೇನಲ್ಲ. ಬೇಕೆಂದೇ ಸುಣ್ಣ ಕಡಿಮೆ ಹಾಕಿದ ಒಂದು ಚೊಂಬು ದ್ರಾವಣದಲ್ಲಿ ಚೂರಿಯನ್ನು ಅದ್ದಿ ತೆಗೆದು, ಅಲಗಿನ ಕೆಂಪನ್ನು ತೋರಿಸಿ, ಹಿಂದಿನ ವರ್ಷ ಉದುರಿದ ಕಾಯಿಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದೆ. ಮತ್ತಷ್ಟು ಸುಣ್ಣದ ನೀರು ಹಾಕಿ, ಚೂರಿಯನ್ನು ಉಜ್ಜಿ ಮತ್ತೆ ಅದ್ದಿದಾಗ ಅಲಗು ಬೆಳ್ಳಗೆ ಹೊರಬಂತು. ಆ ನಾಲ್ವರಲ್ಲಿ ಚಿಕ್ಕವನು ಚೂರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಇನ್ನೊಮ್ಮೆ ಅದ್ದಿ ನೋಡಿದ. ಅಂದಿನಿಂದ ಪ್ರತಿ ಬಾನಿಯನ್ನೂ ಅವನೇ ಪರೀಕ್ಷಿಸುತ್ತಾನೆ, ಯಾರೂ ಹೇಳಬೇಕಾಗಿಲ್ಲ.

ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ ಎಂಬ ಚಿಂತಕಿ 1920ರ ದಶಕದಲ್ಲಿಯೇ ಈ ವಿಚಾರವನ್ನು ಸ್ಪಷ್ಟವಾಗಿ ಮಂಡಿಸಿದ್ದರು. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಆಜ್ಞೆ ಕೊಡುವುದಲ್ಲ, ಇಬ್ಬರೂ ಸೇರಿ ಪರಿಸ್ಥಿತಿಯಿಂದ ಆಜ್ಞೆ ಪಡೆದುಕೊಳ್ಳಬೇಕು ಎಂಬುದು ಅವರ ವಾದ. ಕೆಂಪು ಹತ್ತಿದ ಚೂರಿ ಕೊಡುವ ಆಜ್ಞೆಗೆ ಯಜಮಾನನೂ ಆಳೂ ಸಮಾನವಾಗಿ ಬಾಗಬೇಕು; ಅದರಲ್ಲಿ ಯಾರಿಗೂ ಅವಮಾನವಿಲ್ಲ. ಆದರೆ ಪರಿಸ್ಥಿತಿಯನ್ನು ಇಬ್ಬರೂ ನೋಡಬೇಕಾದರೆ ಇಬ್ಬರೂ ಅದರ ಮುಂದೆ ನಿಂತಿರಬೇಕು. ಒಬ್ಬನು ಚಾವಡಿಯಲ್ಲಿ, ಇನ್ನೊಬ್ಬನು ತೋಟದಲ್ಲಿ, ನಡುವೆ ಮೇಸ್ತ್ರಿ ಎಂದಿದ್ದರೆ ಅದು ಸಾಧ್ಯವಾಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಹಳೆಯ ಕಾಯ್ದೆಗಳಲ್ಲಿ ಎರಡು ಬೇರೆ ಬೇರೆ ತತ್ವಗಳಿದ್ದವು. 1948ರ ಕಾರ್ಖಾನೆ ಕಾಯ್ದೆಯ 108ನೆಯ ಸೆಕ್ಷನ್ ಪ್ರಕಾರ, ಕಾರ್ಖಾನೆಯಲ್ಲಿ ತೂಗುಹಾಕುವ ಸೂಚನೆಗಳು ಇಂಗ್ಲಿಷಿನಲ್ಲಿಯೂ ಅಲ್ಲಿನ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಒಂದು ಭಾಷೆಯಲ್ಲಿಯೂ ಇರಬೇಕಿತ್ತು. ಕೆಲಸದ ಷರತ್ತುಗಳನ್ನು ಬರಹದಲ್ಲಿಡಬೇಕೆನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯೂ ಬಹುಪಾಲಿನವರ ಭಾಷೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿತ್ತು. ಆದರೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಗುತ್ತಿಗೆದಾರನು ಪ್ರತಿಯೊಬ್ಬ ವಲಸೆ ಕಾರ್ಮಿಕನಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೆಲಸದ ಸ್ಥಳ, ಅವಧಿ, ಕೂಲಿಯ ದರ, ಕಡಿತಗಳ ವಿವರ ಹಿಂದಿ ಮತ್ತು ಇಂಗ್ಲಿಷಿನಲ್ಲಿರಬೇಕು, ಕಾರ್ಮಿಕನ ಭಾಷೆ ಇವೆರಡೂ ಅಲ್ಲವಾದರೆ ಅವನ ಭಾಷೆಯಲ್ಲಿಯೂ ಇರಬೇಕು ಎಂದು ಅದು ವಿಧಿಸಿತು. ಮೊದಲಿನ ಎರಡು ಕಾಯ್ದೆಗಳು ಎಣಿಸಿದ್ದು ತಲೆಗಳನ್ನು. ಮೂರನೆಯದು ಒಬ್ಬೊಬ್ಬ ಮನುಷ್ಯನನ್ನೂ ಗಣನೆಗೆ ತೆಗೆದುಕೊಂಡಿತು. ಆ ಪಾಸ್‌ಬುಕ್ಕನ್ನು ಕೈಯಲ್ಲಿ ಹಿಡಿದ ಒಬ್ಬನೇ ಒಬ್ಬ ಕಾರ್ಮಿಕನನ್ನೂ ನಾನು ನೋಡಿಲ್ಲ ಎಂಬುದು ಬೇರೆ ಮಾತು.

2025ರ ನವೆಂಬರ್ 21ರಂದು ಕೇಂದ್ರ ಸರಕಾರ ಜಾರಿಗೆ ತಂದ ನಾಲ್ಕು ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾಯ್ದೆಗಳನ್ನೆಲ್ಲ ತಮ್ಮೊಳಗೆ ಸೇರಿಸಿಕೊಂಡಿವೆ, ಪ್ರತಿಯೊಬ್ಬ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡುವುದನ್ನು ಕಡ್ಡಾಯ ಮಾಡಿವೆ. ಕೇರಳ ಸರಕಾರ ಈ ಸಂಹಿತೆಗಳನ್ನು ವಿರೋಧಿಸಿತು, ಕಾರ್ಮಿಕ ಸಂಘಟನೆಗಳೂ ಬೀದಿಗಿಳಿದವು. ಆ ವಿವಾದದ ಸರಿ ತಪ್ಪು ಈ ಲೇಖನದ ವಿಷಯವಲ್ಲ. ನೇಮಕಾತಿ ಪತ್ರವೆಂಬ ಒಂದು ಅಂಶವನ್ನು ಮಾತ್ರ ಎತ್ತಿಕೊಂಡು ಕೇಳಬೇಕಾದ ಪ್ರಶ್ನೆ ಇದು: ಮಂಜೇಶ್ವರದ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರುವ, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಹೆಣ್ಣುಮಗಳಿಗೆ ಆ ಪತ್ರ ಯಾವ ಭಾಷೆಯಲ್ಲಿ ಬರುತ್ತದೆ? ಬಹುಪಾಲಿನವರ ಭಾಷೆ ಎಂಬ ಅಳತೆಗೋಲನ್ನು ಇಟ್ಟುಕೊಂಡರೆ ಅದು ಮಲಯಾಳದಲ್ಲಿ ಬರುತ್ತದೆ, ಆಕೆ ತೋರಿಸಿದ ಕಡೆ ಸಹಿ ಹಾಕುತ್ತಾಳೆ. ಸಹಿ ಹಾಕಿದ್ದರ ಅರ್ಥವನ್ನು ಆಮೇಲೆ ಆಕೆಗೆ ತಿಳಿಸಿಕೊಡುವವನು ಮತ್ತೆ ಆ ನಡುವಿನವನೇ.

ಕೇವಲ ವಲಸೆ ಕಾರ್ಮಿಕರ ಸಮಸ್ಯೆ ಇದಲ್ಲ ಎಂಬುದಕ್ಕೆ ನಮ್ಮ ಕನ್ನಡಿಗರ ಅನುಭವವೇ ಸಾಕ್ಷಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದಂದಿನಿಂದ, ಚಂದ್ರಗಿರಿ ಹೊಳೆಯ ಉತ್ತರದ ಜನ ಸರಕಾರಿ ಕಚೇರಿಯ ಕೌಂಟರಿನ ಮುಂದೆ ನಿಂತು "ಇದರಲ್ಲಿ ಏನು ಬರೆದಿದೆ?" ಎಂದು ಪಕ್ಕದವರನ್ನು ಕೇಳುವುದನ್ನು ರೂಢಿ ಮಾಡಿಕೊಂಡಿದ್ದಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ರಕ್ಷಣೆ ಕೊಟ್ಟಿತು. ಆದರೂ ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದ್ದನ್ನು ವಿರೋಧಿಸಿ ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನ ಮುಂದೆ ಕುಳಿತದ್ದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ಇಂಥ ಶಾಲೆಯ ಮುಖ್ಯೋಪಾಧ್ಯಾಯರ ಕಷ್ಟವನ್ನು ಯಾರೂ ಹೆಚ್ಚು ಗಮನಿಸಿಲ್ಲ. ಆ ಅಧ್ಯಾಪಕನನ್ನು ಅವರು ಆರಿಸಿದವರಲ್ಲ, ಬದಲಿಸುವ ಅಧಿಕಾರವೂ ಅವರಿಗಿಲ್ಲ. ಆತನನ್ನು ಅವಮಾನಿಸದೆ, ಮಕ್ಕಳ ಪಾಠವನ್ನೂ ಕೆಡಿಸದೆ ಒಂದು ವರ್ಷ ದಾಟಿಸಬೇಕು. ಆದೇಶ ಬರುವುದು ಮೇಲಿನಿಂದ, ಸಿಟ್ಟು ಬರುವುದು ಗೇಟಿನ ಹೊರಗಿನಿಂದ, ಇವೆರಡರ ನಡುವೆ ಜನರನ್ನು ನಡೆಸಿಕೊಂಡು ಹೋಗಬೇಕಾದವರು ಅವರು.

ಕಚೇರಿಯ ಸಭೆಯೊಂದರ ಉದಾಹರಣೆ ಕೊಡುತ್ತೇನೆ. ನಾನು ಹಲವು ವರ್ಷ ದುಡಿದ ಒಂದು ಸಂಸ್ಥೆಗೆ ದಕ್ಷಿಣ ಕೇರಳದ ಕಡೆಯಿಂದ ಒಬ್ಬರು ಮ್ಯಾನೇಜರ್ ಬಂದರು. ಕೆಲಸದಲ್ಲಿ ನುರಿತವರು, ಲಂಚ ಮುಟ್ಟದವರು. ಪ್ರತಿ ಸೋಮವಾರ ಸಭೆ ಕರೆದು ಮಲಯಾಳದಲ್ಲಿ ಅರ್ಧ ಗಂಟೆ ಮಾತಾಡಿ, "ಯಾರಿಗಾದರೂ ಸಂಶಯ ಇದೆಯೇ?" ಎಂದು ಕೇಳುತ್ತಿದ್ದರು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಎಲ್ಲರೂ ಒಪ್ಪಿದ್ದಾರೆ ಎಂದು ಅವರು ತಿಳಿದರು. ನಿಜವಾದ ಸಭೆ ನಡೆಯುತ್ತಿದ್ದದ್ದು ಅದಾದ ಮೇಲೆ, ಚಹಾ ಕಾಯಿಸುವ ಕೋಣೆಯಲ್ಲಿ, ತುಳುವಿನಲ್ಲಿ. ಮಲಯಾಳ ಚೆನ್ನಾಗಿ ಬರುತ್ತಿದ್ದ ಒಬ್ಬ ಗುಮಾಸ್ತರು ಅಲ್ಲಿ ಉಳಿದವರಿಗೆ ವಿವರಿಸುತ್ತಿದ್ದರು, ತಮಗೆ ಬೇಕಾದದ್ದನ್ನು ಹೆಚ್ಚು, ಬೇಡದ್ದನ್ನು ಕಡಿಮೆ. ಆರು ತಿಂಗಳಲ್ಲಿ ಇಡೀ ಸಂಸ್ಥೆಯನ್ನು ಆ ಗುಮಾಸ್ತರೇ ನಡೆಸುತ್ತಿದ್ದರು.

ಇನ್ನೊಂದು ಸಣ್ಣ ವಿಷಯವೂ ಆ ಮ್ಯಾನೇಜರರನ್ನು ಒಂಟಿ ಮಾಡಿತು. ಮಲಬಾರಿನ, ಅಂದರೆ ಉತ್ತರ ಕೇರಳದ, ಮಲಯಾಳದಲ್ಲಿ "ನಿಙ್ಙಳ್" ಎಂಬುದು ಗೌರವದ ಸಂಬೋಧನೆ, ನಮ್ಮ "ನೀವು" ಇದ್ದ ಹಾಗೆ. ದಕ್ಷಿಣದ ತಿರುವಿದಾಂಕೂರಿನ ಕಡೆಯವರ ಕಿವಿಗೆ ಮೇಲಧಿಕಾರಿಯನ್ನು ಹಾಗೆ ಕರೆಯುವುದು ಒರಟಾಗಿ ಕೇಳುತ್ತದೆ. ನಮ್ಮವರು ಮರ್ಯಾದೆಯಿಂದಲೇ ಆಡಿದ ಮಾತು ಅವರಿಗೆ ಉದ್ಧಟತನವಾಗಿ ತೋರಿತು. ಯಾರೂ ಇದನ್ನು ಅವರಿಗೆ ಬಿಡಿಸಿ ಹೇಳಲಿಲ್ಲ, ಹೇಳಬಲ್ಲವರಾಗಿದ್ದ ಗುಮಾಸ್ತರಿಗೆ ಹೇಳುವ ಅಗತ್ಯವೂ ಕಾಣಲಿಲ್ಲ. ಇದೇ ತಪ್ಪನ್ನು ನಾವು ಉತ್ತರದಿಂದ ಬಂದವರ ಜೊತೆ ದಿನವೂ ಮಾಡುತ್ತೇವೆ. ಹಿಂದಿಯಲ್ಲಿ "ಆಪ್" ಎಂಬ ಮಾತಿದೆ ಎಂದು ಗೊತ್ತಿದ್ದೂ, ನಲ್ವತ್ತು ದಾಟಿದ ಗಾರೆ ಕೆಲಸದವನನ್ನು "ತೂ" ಎನ್ನುತ್ತೇವೆ; ಅಸ್ಸಾಮಿನವನನ್ನೂ ಒಡಿಶಾದವನನ್ನೂ "ಬೆಂಗಾಲಿ" ಎಂದೇ ಕರೆಯುತ್ತೇವೆ. ಹೆಸರು ಕೇಳಿ ನೆನಪಿಟ್ಟುಕೊಳ್ಳಲು ಯಾವ ಭಾಷೆಯೂ ಬೇಕಾಗಿಲ್ಲ.

ಸಭೆಯ ಮೌನ ಎಷ್ಟು ದುಬಾರಿ ಎಂಬುದಕ್ಕೆ ಆಧಾರವಿದೆ. ಹಾರ್ವರ್ಡಿನ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ನಾಯಕತ್ವವಿರುವ ವಾರ್ಡುಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ತಪ್ಪುಗಳನ್ನು ಬಚ್ಚಿಡದೆ ಹೇಳಿಕೊಳ್ಳುವ ಧೈರ್ಯ ಜನರಿಗಿತ್ತು ಎಂಬ ವಿವರಣೆಗೆ ಅವರು ಬಂದರು. ಕೆಟ್ಟ ಸುದ್ದಿ ಮೇಲಕ್ಕೆ ಬರುವ ದಾರಿ ತೆರೆದಿರುವುದೇ ಮುಖ್ಯ. ಭಾಷೆ ಬಾರದವನಿಗೆ ಆ ದಾರಿ ಎರಡು ಸಲ ಮುಚ್ಚಿರುತ್ತದೆ: ಮೊದಲು ಹೆದರಿಕೆಯಿಂದ, ಆಮೇಲೆ ಮಾತು ಸಿಗದಿರುವುದರಿಂದ. ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ಸ್ವಂತ ಭಾಷೆಯಲ್ಲಿಯೇ ಕಷ್ಟವಾಗಿರುವಾಗ, ವ್ಯಾಕರಣ ತಪ್ಪಿ ನಗೆಪಾಟಲಾಗುವ ಭಯವಿರುವ ಭಾಷೆಯಲ್ಲಿ ಅದನ್ನು ಯಾರು ಮಾಡುತ್ತಾರೆ?

ಹಾಗಾದರೆ ಎಲ್ಲರಿಗೂ ಒಂದೇ ಭಾಷೆಯನ್ನು ಕಡ್ಡಾಯ ಮಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಜಪಾನಿನ ರಾಕುಟೆನ್ ಕಂಪನಿಯ ಮುಖ್ಯಸ್ಥ ಹಿರೋಶಿ ಮಿಕಿತಾನಿ 2010ರಲ್ಲಿ ತಮ್ಮ ಸಾವಿರಾರು ಉದ್ಯೋಗಿಗಳು ಎರಡು ವರ್ಷಗಳಲ್ಲಿ ಇಂಗ್ಲಿಷಿಗೆ ಬದಲಾಗಬೇಕೆಂದು ಘೋಷಿಸಿದರು. ಅಂಥ ಕಂಪನಿಗಳನ್ನು ಅಧ್ಯಯನ ಮಾಡಿದ ತ್ಸೆಡಾಲ್ ನೀಲಿ, ಇಂಗ್ಲಿಷ್ ಕಡ್ಡಾಯವಾದ ಫ್ರಾನ್ಸಿನ ಒಂದು ಕಂಪನಿಯಲ್ಲಿ ಅನುಭವಿ ಉದ್ಯೋಗಿಗಳೂ ತಮ್ಮ ಸ್ಥಾನಮಾನ ಕುಸಿಯಿತೆಂದು ಭಾವಿಸಿದ್ದನ್ನು ದಾಖಲಿಸಿದ್ದಾರೆ. ಕೆಲಸ ಚೆನ್ನಾಗಿ ಬಲ್ಲವನಿಗಿಂತ ಭಾಷೆ ಚೆನ್ನಾಗಿ ಬಲ್ಲವನು ಮೇಲೆ ಬರುತ್ತಾನೆ. ರಾಕುಟೆನ್ ತರಗತಿಗಳಿಗೆ ಹಣ ಖರ್ಚು ಮಾಡಬಲ್ಲ ಕಂಪನಿ. ಹತ್ತು ಜನ ದುಡಿಯುವ ಕಾಸರಗೋಡಿನ ಗೇರುಬೀಜದ ಶೆಡ್ಡಿಗೆ ಅದು ಆಗದ ಮಾತು. ಕೇರಳ ಸಾಕ್ಷರತಾ ಮಿಷನ್ ವಲಸೆ ಕಾರ್ಮಿಕರಿಗೆ ಮಲಯಾಳ ಕಲಿಸಲು ನಡೆಸಿದ "ಚಙ್ಙಾತಿ" ಯೋಜನೆ ನಿಜಕ್ಕೂ ಒಳ್ಳೆಯ ಪ್ರಯತ್ನ, ಏಕೆಂದರೆ ಅದರಲ್ಲಿ ಭಾಷೆ ಷರತ್ತಾಗಿರಲಿಲ್ಲ, ಕೊಡುಗೆಯಾಗಿತ್ತು. ಆದರೆ ಕಲಿಯುವ ಹೊರೆ ಸದಾ ಕೆಳಗಿನವನ ತಲೆಯ ಮೇಲೆಯೇ ಬೀಳುವುದು ಸರಿಯಲ್ಲ.

ಇತಿಹಾಸದಲ್ಲಿ ಹಿಂದಕ್ಕೆ ಹೋದರೆ, ನಡುವಿನವನ ಸಮಸ್ಯೆಯನ್ನು ಈ ಸೀಮೆ ಹಿಂದೆಯೂ ಒಮ್ಮೆ ಎದುರಿಸಿದೆ. ಬೀಡಿ ಉದ್ಯಮದಲ್ಲಿ ಕಂಪನಿಗೂ ಬೀಡಿ ಕಟ್ಟುವವರಿಗೂ ನಡುವೆ ಗುತ್ತಿಗೆದಾರನಿದ್ದ. ಎಲೆ ತೂಗಿ ಕೊಡುವವನೂ ಅವನೇ, ಕಟ್ಟಿದ ಬೀಡಿಯಲ್ಲಿ ಇಷ್ಟು ಸರಿಯಿಲ್ಲ ಎಂದು ತೆಗೆದುಹಾಕುವವನೂ ಅವನೇ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನ ಹಿಂದೆ ನಿಂತ ಮುಖ್ಯ ಮಾಲಕನನ್ನೂ ಹೊಣೆಗಾರನನ್ನಾಗಿ ಮಾಡಿದಾಗ, ಕಣ್ಣೂರಿನ ಕಡೆ ದೊಡ್ಡ ಖಾಸಗಿ ಕಂಪನಿಗಳು ಬಾಗಿಲು ಮುಚ್ಚಿದವು. ಸುಮಾರು 12,000 ಜನ ಕೆಲಸ ಕಳೆದುಕೊಂಡರು. ಅದರಿಂದ ಹುಟ್ಟಿದ್ದು 1969ರ ದಿನೇಶ್ ಬೀಡಿ ಸಹಕಾರಿ ಸಂಘ. ಅದರ ಪ್ರಾಥಮಿಕ ಸಂಘಗಳ ಆಡಳಿತ ಮಂಡಳಿಯಲ್ಲಿ ಕಾರ್ಮಿಕರೇ ಚುನಾಯಿಸಿದವರ ಬಹುಮತವಿತ್ತು. ಆ ಸೀಮೆಯ ಬೀಡಿ ಶೆಡ್ಡುಗಳಲ್ಲಿ ಒಬ್ಬನು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು, ಓದಿದವನ ಪಾಲಿನ ಬೀಡಿಯನ್ನು ತಾವು ತುಂಬಿಕೊಡುವುದು ರೂಢಿಯಾಗಿತ್ತು. ಎಲ್ಲರಿಗೂ ಒಂದೇ ಮಾತು ಒಂದೇ ಹೊತ್ತಿಗೆ ಕೇಳಿಸುತ್ತಿದ್ದುದರಿಂದ ನಡುವಿನವನಿಗೆ ಅಲ್ಲಿ ಜಾಗವಿರಲಿಲ್ಲ. ಅವರೆಲ್ಲರ ಭಾಷೆ ಒಂದೇ ಆಗಿದ್ದದ್ದು ಅವರ ಅನುಕೂಲ. ಅದೇ ಹೊತ್ತಿನಲ್ಲಿ ಮಂಜೇಶ್ವರದ ಕಡೆ ನಮ್ಮ ಹೆಂಗಸರು ಮನೆ ಜಗಲಿಯಲ್ಲಿ ಒಬ್ಬೊಬ್ಬರೇ ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ಸಂಜೆ ಬೀಡಿ ಒಪ್ಪಿಸುವ ಬ್ರಾಂಚಿಗೆ ಒಯ್ಯುತ್ತಿದ್ದರು, ಅಲ್ಲಿ ಗುತ್ತಿಗೆದಾರ ಹೇಳಿದ್ದೇ ಲೆಕ್ಕವಾಗಿತ್ತು.

ನಾನು ದುಡಿದ ಸಂಸ್ಥೆಗೆ ಆಮೇಲೆ ಬಂದ ಮ್ಯಾನೇಜರ್ ಪಯ್ಯನ್ನೂರಿನ ಕಡೆಯವರು. ಅವರಿಗೂ ಕನ್ನಡ ಬರುತ್ತಿರಲಿಲ್ಲ, ತುಳು ಅರ್ಧಂಬರ್ಧ. ಆದರೆ ಅವರು "ಸಂಶಯ ಇದೆಯೇ?" ಎಂದು ಕೇಳುವುದನ್ನು ಬಿಟ್ಟು, ಸಭೆ ಮುಗಿಯುವ ಮುಂಚೆ ಇಬ್ಬರನ್ನು ಆರಿಸಿ, "ಈಗ ಏನು ತೀರ್ಮಾನವಾಯಿತು ಎಂದು ನಿಮ್ಮ ಭಾಷೆಯಲ್ಲಿ ಎಲ್ಲರಿಗೂ ಹೇಳಿ" ಎನ್ನುತ್ತಿದ್ದರು. ಪ್ರತಿ ವಾರ ಬೇರೆ ಬೇರೆ ಇಬ್ಬರು. ಮೊದಲ ವಾರಗಳಲ್ಲಿ ಹೇಳಿದ್ದಕ್ಕೂ ತಿಳಿದುಕೊಂಡಿದ್ದಕ್ಕೂ ಎಷ್ಟು ಅಂತರವಿದೆ ಎಂಬುದು ಎಲ್ಲರೆದುರು ಬಯಲಾಯಿತು. ಜವಾನನ ಸರದಿ ಬಂದ ದಿನ ಆತ ತುಳುವಿನಲ್ಲಿ ವಿವರಿಸುತ್ತಾ, ಹೊಸ ಏರ್ಪಾಡಿನಲ್ಲಿ ಶನಿವಾರ ಕೀ ಯಾರ ಬಳಿ ಇರಬೇಕೆಂದೇ ತೀರ್ಮಾನವಾಗಿಲ್ಲವಲ್ಲ ಎಂದು ನಿಲ್ಲಿಸಿದ. ಆ ಪ್ರಶ್ನೆ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಇದಕ್ಕೆ ಪ್ರತಿವಾರ ಹತ್ತು ನಿಮಿಷ ಹೆಚ್ಚು ಹಿಡಿಯುತ್ತಿತ್ತು, ಅಷ್ಟೇ. ಚಹಾ ಕೋಣೆಯ ಸಭೆ ತಾನಾಗಿ ನಿಂತಿತು. ನಡುವೆ ನಿಂತವರನ್ನು ಅವರು ದೂರ ಮಾಡಲೂ ಇಲ್ಲ. ಆ ಗುಮಾಸ್ತರಿಗೆ ಸುತ್ತೋಲೆಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಬರಹದಲ್ಲಿ ಒಪ್ಪಿಸಿದರು. ಬರೆದದ್ದನ್ನು ನಾಲ್ಕು ಜನ ಓದುತ್ತಾರೆ, ಹೆಚ್ಚು ಕಡಿಮೆ ಮಾಡಿದರೆ ಸಿಕ್ಕಿಬೀಳುತ್ತದೆ.

ಈ ರೀತಿ ಎಲ್ಲ ಕಡೆ ಸಾಲದು ಎಂಬುದನ್ನೂ ಹೇಳಬೇಕು, ಮುಖ್ಯವಾಗಿ ಗುಟ್ಟಾಗಿ ಹೇಳಬೇಕಾದ ವಿಷಯಗಳಲ್ಲಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಸಣ್ಣ ಜಾಗದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು ಬರಹದಲ್ಲಿ ಕೊಡಲಾಗದವಳಿಗೆ ಬರೆದುಕೊಡಲು ನೆರವಾಗುವುದು ಸಮಿತಿಯ ಕರ್ತವ್ಯವೆಂದೂ ಆ ಕಾಯ್ದೆ ಹೇಳುತ್ತದೆ. ಆದರೆ ಆ ನೆರವು ಯಾರ ಮೂಲಕ? ದೂರಿಗೆ ಗುರಿಯಾದವನೇ ಆಕೆಯ ಮಾತನ್ನು ದಾಟಿಸುವ ಮೇಸ್ತ್ರಿಯಾಗಿದ್ದರೆ, ಅಥವಾ ಅವನ ಸ್ನೇಹಿತನಾಗಿದ್ದರೆ, ಆ ಸೆಕ್ಷನ್ನಿನಿಂದ ಆಕೆಗೆ ಏನೂ ಸಿಗುವುದಿಲ್ಲ. ಆದ್ದರಿಂದ ಈ ಜಿಲ್ಲೆಯಲ್ಲಿ ಸಮಿತಿಗೆ ಸದಸ್ಯರನ್ನು ಆರಿಸುವಾಗ ಹುದ್ದೆಯ ಹಿರಿತನವನ್ನು ನೋಡುವ ಹಾಗೆಯೇ, ಅಲ್ಲಿ ದುಡಿಯುವ ಹೆಂಗಸರು ಮನೆಯಲ್ಲಿ ಆಡುವ ಭಾಷೆ ಬಲ್ಲವರು ಅದರಲ್ಲಿದ್ದಾರೆಯೇ ಎಂದು ನೋಡಬೇಕು. ತುಳುವಿನಲ್ಲೋ ಬ್ಯಾರಿಯಲ್ಲೋ ಮರಾಠಿಯಲ್ಲೋ ಹೇಳಿದ ಮಾತನ್ನು ಆಕೆಯದೇ ಪದಗಳಲ್ಲಿ ಕನ್ನಡ ಅಥವಾ ಮಲಯಾಳ ಲಿಪಿಯಲ್ಲಿ ಬರೆದುಕೊಂಡು, ಓದಿ ಹೇಳಿ, ಆಮೇಲೆ ಮಾತ್ರ ಅನುವಾದಿಸಬೇಕು. ಸಮಿತಿಯ ಸದಸ್ಯರ ಹೆಸರಿರುವ ಫಲಕದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಬಲ್ಲ ಭಾಷೆಗಳನ್ನೂ ಬರೆದಿಡಲು ಬೇಕಾಗುವುದು ಒಂದು ಸಾಲಿನ ಜಾಗ.